ಬಿಸಿಲಲ್ಲಿ ಸೋರುವ ತಾರಸಿ

ಮಳೆ ನಿಂತು ತಿಂಗಳುಗಳೇ ಕಳೆದಿದ್ದರೂ ತಾರಸಿ ಸೋರುತ್ತಿತ್ತು. ಅವಳ ಅನುಮಾನ ಶುರುವಾದದ್ದೇ ಅಲ್ಲಿಂದ.

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಸಂಜೆ ಮನೆಗೆ ಬಂದರೆ, ಕೋಣೆಯ ಮೂಲೆಯ ಬಕೆಟ್ಟಿಗೆ ಟಪ್ ಟಪ್ ಎಂದು ನೀರು ಬೀಳುತ್ತಿರುತ್ತಿತ್ತು. ಕಿಟಕಿಯಾಚೆ ಕಡಲಿನ ಮೇಲೆ ಒಂದು ಚೂರು ಮೋಡವಿಲ್ಲ. ಇತ್ತ ನಲ್ಲಿ ತಿರುಗಿಸಿದರೆ ಟ್ಯಾಂಕು ಖಾಲಿ. ನೀರು ಬಿಡುವವರಿಗೆ ಹಿಡಿಶಾಪ ಹಾಕುತ್ತ, ಸೋರಿದ ನೀರಲ್ಲೇ ಕಾಲು ತೊಳೆಯುತ್ತಿದ್ದಳು. ಅಷ್ಟರ ಮಟ್ಟಿಗೆ ಆ ಸೋರಿಕೆಯೂ ಉಪಕಾರಿಯೇ.

ಕಂಟ್ರಾಕ್ಟರ್ ಬಂದು ಸುತ್ತಿಗೆಯಿಂದ ಛಾವಣಿಗೆ ಕುಟ್ಟಿದ್ದ. ಕಾಂಕ್ರೀಟಿನ ಚಕ್ಕೆ ಉದುರಿ, ಒಳಗಿನ ಕಂಬಿ ತುಕ್ಕು ಹಿಡಿದದ್ದು ಕಂಡಿತು.

"ಸೋರೋದು ನಿಂತಿದ್ರೆ ತೇಪೆ ಹಾಕಿ ನೋಡಬಹುದಿತ್ತಮ್ಮ. ಉಪ್ಪುಗಾಳಿ ಒಂದು ಕಡೆ, ಈ ನೀರು ಒಂದು ಕಡೆ. ಪೂರ್ತಿ ಒಡೆದು ಹೊಸದಾಗೇ ಹಾಕ್ಬೇಕು. ಆರು ಲಕ್ಷಕ್ಕೆ ಕಮ್ಮಿ ಆಗಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು ಸೇರಿಸಿದ, "ಅಲ್ಲಿ ತನಕ ಯಾರೂ ಮೇಲೆ ಹತ್ಬೇಡಿ. ಕುಸಿದ್ರೆ ಕಷ್ಟ."

ಆರು ಲಕ್ಷ! ಸ್ವಂತದ್ದೊಂದು ಕನ್ನಡಕದ ಅಂಗಡಿ ತೆರೆಯಬೇಕೆಂದು ಅವಳು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದು ಹೆಚ್ಚುಕಡಿಮೆ ಅಷ್ಟೇ. ಬಸ್‌ಸ್ಟ್ಯಾಂಡಿನ ಎದುರಿನ ಮಳಿಗೆಯನ್ನು ನೋಡಿಟ್ಟೂ ಆಗಿತ್ತು. ತಾರಸಿ ಹಾಕಿಸಿದರೆ ಅಂಗಡಿಯ ಆಸೆಗೆ ಎಳ್ಳುನೀರು. ಹಾಕಿಸದಿದ್ದರೆ ಯಾವತ್ತೋ ಒಂದು ದಿನ ಛಾವಣಿ ಅಪ್ಪನ ತಲೆಯ ಮೇಲೆ.

ಆ ತಾರಸಿ ಅಪ್ಪನ ಕೈಯದ್ದೇ. ಊರಲ್ಲೆಲ್ಲ ಮೇಸ್ತ್ರಿ ಎಂದೇ ಹೆಸರಾಗಿದ್ದವರು, ಅವಳು ಅಂಗನವಾಡಿಗೆ ಹೋಗುತ್ತಿದ್ದಾಗ ತಾವೇ ನಿಂತು ಹಾಕಿದ್ದು. ಒಡೆಸುವ ಮಾತೆತ್ತಿದ ದಿನ ಅವರು ಅವಳ ಮುಖವನ್ನೇ ಪಿಳಿಪಿಳಿ ನೋಡಿದರು. ಆಮೇಲೆ 'ಮಗಳೇ' ಎಂದು ಕರೆಯುವುದನ್ನೂ ಬಿಟ್ಟರು. ಇಷ್ಟು ವಯಸ್ಸಾದರೂ ಮೂಗಿನ ತುದಿಯ ಕೋಪ ಹೋಗಲಿಲ್ಲವಲ್ಲ ಎಂದು ಅವಳಿಗೆ ಬೇಜಾರಾಯಿತು, ಸ್ವಲ್ಪ ಸಿಟ್ಟೂ ಬಂತು.

ಹಾಗೆಂದು ಅವರಿಗೆ ಕಾಳಜಿ ಇರಲಿಲ್ಲವೆನ್ನುವಂತಿಲ್ಲ. ಒಂದು ಸಂಜೆ ಅವಳು ಬರುವಷ್ಟರಲ್ಲಿ ಅವಳ ಮಂಚವನ್ನು ಎಳೆದು ಹಜಾರಕ್ಕೆ ಹಾಕಿದ್ದರು.

"ಆ ಕೋಣೇಲಿ ಸದ್ಯಕ್ಕೆ ಯಾರೂ ಮಲಗಬಾರ್ದು."

"ಬೀಳತ್ತೆ ಅಂತ ನಿಮಗೂ ಭಯಾನಾ ಅಪ್ಪಾ?"

"ನಾನು ಹಾಕಿದ್ದು ಬೀಳತ್ತಾ?" ಎಂದು ಗದರಿ ಗೋಡೆಯ ಕಡೆ ತಿರುಗಿ ಕೂತರು.

ಅನುಮಾನಕ್ಕೆ ಒಂದು ಮುಖ ಸಿಕ್ಕಿದ್ದು ಪಕ್ಕದ ಮನೆಯ ದೊಡ್ಡಮ್ಮನಿಂದ. ಕಾಂಪೌಂಡಿನಾಚೆಯಿಂದ ಅವರು ಕೂಗಿ ಕೇಳಿದರು, "ರಿಪೇರಿ ಶುರು ಮಾಡ್ಸಿದ್ಯಾ? ಮಧ್ಯಾಹ್ನ ಮಧ್ಯಾಹ್ನ ನಿಮ್ಮ ತಾರಸಿ ಮೇಲೆ ಯಾರೋ ಆಳು, ತಲೆಗೆ ಟವೆಲ್ ಸುತ್ಕೊಂಡು ನೀರು ಹಾಕ್ತಿರ್ತಾನೆ."

"ಯಾರು ದೊಡ್ಡಮ್ಮ? ಮುಖ ನೋಡಿದ್ರಾ?"

"ನೀನು ಮಾಡ್ಸಿಕೊಟ್ಟ ಕನ್ನಡಕದಲ್ಲಿ ಮುಖ ಬೇರೆ ಕಾಣತ್ತೇನೇ!"

ಅವಳಿಗೆ ಮೈಯೆಲ್ಲ ಉರಿಯಿತು. ಮೇಲೆ ಯಾರೂ ಹತ್ತಬಾರದು ಅಂತ ಆ ಕಂಟ್ರಾಕ್ಟರ್ ಅಂದದ್ದು ಇದಕ್ಕೇ! ಹತ್ತಿದರೆ ಬಣ್ಣ ಬಯಲಾಗುತ್ತದಲ್ಲ. ಅವಳು ಕೆಲಸಕ್ಕೆ ಹೋದ ಹೊತ್ತಿಗೆ ಆಳನ್ನು ಕಳಿಸಿ ನೀರು ಹುಯ್ಯಿಸುವುದು, ಸಂಜೆ ಸೋರುವಂತೆ ಮಾಡುವುದು, ಹೆದರಿಸಿ ಆರು ಲಕ್ಷ ಕೀಳುವುದು. ಅಪ್ಪನ ಕೈಕೆಳಗೆ ಗಾರೆಯ ಬಾಂಡ್ಲಿ ಹೊತ್ತು ಕೆಲಸ ಕಲಿತವನು ಅವನು. ಉಂಡ ಮನೆಗೇ ಎರಡು ಬಗೆಯುತ್ತಿದ್ದಾನೆ.

ಮರುದಿನ ಮುಂಗಡ ಕೇಳಲು ಅವನೇ ಫೋನ್ ಮಾಡಿದ.

"ಮಧ್ಯಾಹ್ನ ಮನೆಗೇ ಬನ್ನಿ," ಎಂದಳು. "ಕೊಡಬೇಕಾದ್ದನ್ನೆಲ್ಲ ಅಲ್ಲೇ ಕೊಡ್ತೀನಿ."

ಅರ್ಧ ದಿನ ರಜೆ ಹಾಕಿ ಬಂದಳು. ಅವನು ಗೇಟಿನ ಬಳಿ ಕಾಯುತ್ತಿದ್ದ. ಹಿತ್ತಿಲಲ್ಲಿ ಗೋಡೆಗೆ ಏಣಿ ಒರಗಿಸಿತ್ತು. ಮೇಲಿಂದ ನೀರು ಬೀಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಕೇಳಿಸ್ತಾ? ನಿಮ್ಮ ಆಳನ್ನ ನೀವೇ ಇಳಿಸಿ."

"ನನ್ನ ಆಳಾ?" ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಯಾರಮ್ಮ ಹತ್ತಿದ್ದು? ಅದು ತಡ್ಕೊಳ್ಳಲ್ಲ ಅಂತ ಹೇಳಿರ್ಲಿಲ್ವಾ?" ಎನ್ನುತ್ತಲೇ ಏಣಿ ಹತ್ತಿದ. ನಾಟಕ ಚೆನ್ನಾಗಿ ಆಡುತ್ತಾನೆ ಎಂದುಕೊಂಡು ಅವಳೂ ಹಿಂದೆಯೇ ಹತ್ತಿದಳು.

ಮೇಲಿನ ಮೆಟ್ಟಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ತಾರಸಿಯ ಉದ್ದಗಲಕ್ಕೂ ಮಣ್ಣಿನ ಪುಟ್ಟ ಪುಟ್ಟ ಕಟ್ಟೆ ಕಟ್ಟಿತ್ತು. ಒಂದೊಂದು ಚೌಕದಲ್ಲೂ ನೀರು ನಿಂತು ಬಿಸಿಲಿಗೆ ಹೊಳೆಯುತ್ತಿತ್ತು. ಹೊಸದಾಗಿ ಹಾಕಿದ ಸ್ಲ್ಯಾಬ್ ಬಿರುಕು ಬಿಡದೆ ಗಟ್ಟಿಯಾಗಲೆಂದು ಮೇಸ್ತ್ರಿಗಳು ನೀರು ಕಟ್ಟುವುದು ಹೀಗೆಯೇ. ನಡುವೆ ಪೈಪು ಹಿಡಿದು ಬೆನ್ನು ಮಾಡಿ ನಿಂತಿದ್ದವನು ಕಾಲಸಪ್ಪಳಕ್ಕೆ ತಿರುಗಿದ.

"ಅಪ್ಪಾ!"

ಅಪ್ಪ ಮೊದಲು ನೋಡಿದ್ದು ಕಂಟ್ರಾಕ್ಟರನನ್ನು. "ಎಲ್ಲಿ ಹಾಳಾಗಿ ಹೋಗಿದ್ಯೋ? ಬಾಂಡ್ಲಿ ತಗೊಂಡು ಬಾ, ಆ ಮೂಲೆ ಕಟ್ಟೆ ಒಡೆದಿದೆ," ಎಂದು ಗದರಿದರು. ಕಂಟ್ರಾಕ್ಟರ್ ಚಪ್ಪಲಿ ಬಿಚ್ಚಿಟ್ಟು ಆ ಮೂಲೆಗೆ ಹೋಗಿ ಕೂತ.

ಆಮೇಲೆ ಅವರು ಅವಳ ಕಡೆ ತಿರುಗಿದರು. ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಅಪರಿಚಿತರ ಮುಂದೆ ತೋರುವ ಮರ್ಯಾದೆಯಿಂದ ಒಂದು ಹೆಜ್ಜೆ ಸರಿದು ನಿಂತರು.

"ನೋಡ್ಕೊಂಡು ಬನ್ನಿ ಅಮ್ಮಾವ್ರೇ, ಸ್ಲ್ಯಾಬ್ ಹಾಕಿ ಇನ್ನೂ ವಾರ ಆಗಿಲ್ಲ. ಬೇರೆಯವರ ಮನೆ ಆಗಿದ್ರೆ ಬಿಟ್ಟು ಊಟಕ್ಕೆ ಹೋಗ್ತಿದ್ದೆ, ಇದು ನಾಳೆ ನನ್ನ ಪುಟ್ಟ ಮಗಳು ಮಲಗೋ ಕೋಣೆ ನೋಡಿ."