ಸೂತಕ ಯಾರಿಗೆ

"ಮಗೂಗೆ ತಲೆಬುರುಡೇನೇ ಕೂಡಿಲ್ವಂತೆ ಅಪ್ಪ," ಎಂದಳು ನಂದಿತಾ. ರಾಮಚಂದ್ರಾಚಾರ್ಯರು ಸಂಧ್ಯಾವಂದನೆ ಮುಗಿಸಿ ಆಗಷ್ಟೇ ಹಜಾರಕ್ಕೆ ಬಂದಿದ್ದರು. ಮಗಳು ಅಳಿಯ ಕೋಲಾರದಲ್ಲಿ ಸ್ಕ್ಯಾನಿಂಗ್ ಮುಗಿಸಿಕೊಂಡು ಮನೆಗೂ ಹೋಗದೆ ನೇರವಾಗಿ ಮುಳಬಾಗಿಲಿಗೆ ಬಂದಿದ್ದರು. ಒಳಗೆ ಬಂದವಳು ಕೂರಲೂ ಇಲ್ಲ, ತಾಯಿ ತಂದ ನೀರನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.

ಅಳಿಯ ಸಂಕರ್ಷಣ ಲೆಕ್ಕಪತ್ರದ ಮನುಷ್ಯ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾವನವರಿಗೆ ಒಪ್ಪಿಸಿದ. ನಾಲ್ಕನೇ ತಿಂಗಳು ನಡೆಯುತ್ತಿದೆ, ಹೆತ್ತರೂ ಮಗು ಉಳಿಯುವುದಿಲ್ಲ, ತೆಗೆಸುವುದಾದರೆ ತಡ ಮಾಡದಿರುವುದು ತಾಯಿಗೆ ಕ್ಷೇಮ, ಕಾನೂನಿನ ತೊಡಕೇನೂ ಇಲ್ಲ. ಅವನ ತಾಯಿ ಬಲು ಜಾಣೆ. ನಿಮ್ಮಪ್ಪ ಹೂಂ ಅಂದರೆ ನಮ್ಮದೇನೂ ಅಡ್ಡಿಯಿಲ್ಲ ಎಂದು ಸೊಸೆಗೆ ಫೋನಿನಲ್ಲೇ ಹೇಳಿ, ಭಾರವನ್ನೆಲ್ಲ ಬೀಗರ ತಲೆಗೆ ಕಟ್ಟಿದ್ದರು.

ಆಚಾರ್ಯರು ಕಣ್ಣು ಮುಚ್ಚಿ ಕೂತರು. ಹೋದ ಚಾತುರ್ಮಾಸ್ಯದಲ್ಲಿ ಮಠದ ಪ್ರವಚನದಲ್ಲಿ ಭ್ರೂಣಹತ್ಯೆಯ ಬಗ್ಗೆ ಮಾತಾಡಿ, ಮುಂದಿನ ಸಾಲಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುವಂತೆ ಮಾಡಿದವರು ಅವರು. ಊರಿಗೆ ಒಂದು ಮಾತು, ಮಗಳಿಗೆ ಒಂದು ಮಾತು ಹೇಳುವುದು ಅವರಿಂದ ಆಗದು. ನಂದಿತಾ ನಿರ್ಧಾರ ಮಾಡಿಯೇ ಬಂದಿದ್ದಳು. ತಾನು ಮಾಡುತ್ತಿರುವುದು ಪಾಪವಲ್ಲ ಎಂದು ಅಪ್ಪ ಒಂದು ಮಾತು ಅಂದುಬಿಟ್ಟರೆ ಅವಳಿಗೆ ಸಾಕಾಗಿತ್ತು.

"ಕಾನೂನು ದಿಲ್ಲೀದು, ಪಾಪ ನಮ್ಮದು," ಎಂದರು ಆಚಾರ್ಯರು. "ಜೀವ ಬಂದಾಗಿದೆ ಕಣಮ್ಮ. ಹುಟ್ಟಿ ಒಂದು ಗಳಿಗೆ ಇರತ್ತೋ ಅರ್ಧ ಗಳಿಗೆ ಇರತ್ತೋ, ಅದು ಅದರ ಕರ್ಮ. ನಾವಾಗಿ ತೆಗೆಸಿದ್ರೆ ಹತ್ಯೆ ಹತ್ಯೇನೇ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಳಸಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಧರ್ಮನಿರ್ಣಯಕ್ಕೆ ಎದುರಾಡಿದವರಲ್ಲ. "ಇನ್ನೂ ಐದು ತಿಂಗಳು ಅದನ್ನ ಹೊತ್ಕೊಂಡು ತಿರುಗೋದು ನಿಮ್ಮ ಶಾಸ್ತ್ರ ಅಲ್ಲರೀ, ಇವಳು," ಎಂದರು. ಬೆಳಗಾಗುತ್ತಲೇ ಮಗಳನ್ನೂ ಅಳಿಯನನ್ನೂ ಕರೆದುಕೊಂಡು ತಾವೇ ಕೋಲಾರದ ಆಸ್ಪತ್ರೆಗೆ ಹೊರಟರು. ಆಚಾರ್ಯರು ದೇವರ ಮನೆಯಿಂದ ಹೊರಗೆ ಬರಲಿಲ್ಲ.

ಎರಡು ದಿನ ಬಿಟ್ಟು ನಂದಿತಾ ತೌರಿಗೇ ವಾಪಸು ಬಂದಳು. ತುಳಸಮ್ಮ ಅವಳನ್ನು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಲಗಿಸಿ, ಬಾಣಂತಿಗೆ ಕೊಡುವ ಮೆಣಸಿನ ಸಾರು ಅನ್ನವನ್ನೇ ಕೊಟ್ಟರು. ವಿಚಾರಿಸಲು ಬಂದವರಿಗೆ ಗರ್ಭ ತಾನಾಗೇ ಇಳಿದುಹೋಯಿತು ಎಂದರು. ಆಚಾರ್ಯರು ಆ ಸುಳ್ಳನ್ನು ತಿದ್ದಲೂ ಇಲ್ಲ, ಮಗಳ ಮುಖ ನೋಡಲೂ ಇಲ್ಲ. ಕೋಣೆಯ ಮುಂದೆ ಹಾದು ಹೋಗುವಾಗ ನೆಲ ನೋಡಿಕೊಂಡು ನಡೆಯುತ್ತಿದ್ದರು.

ಅವಳು ಬಂದ ಮರುದಿನ ಮಧ್ಯಾಹ್ನ ಕುರುಡುಮಲೆಯಿಂದ ಪರಿಚಯದ ವಿದ್ಯಾಧೀಶನ ಫೋನು ಬಂತು. ಅವನ ಹೊಸ ಮನೆಯ ವಾಸ್ತುಹೋಮ ಮಾರನೆಯ ದಿನ ಇತ್ತು. ಹೋಮ ಮಾಡಿಸುವವರು ಇದೇ ಆಚಾರ್ಯರು. ನಿಮ್ಮ ಮನೆಯಲ್ಲಿ ಹೀಗಾಯಿತಂತೆ, ನೀವು ಬರಬಹುದೋ ಬಾರದೋ ಎಂದು ಅವನು ಅಳುಕುತ್ತ ಕೇಳಿದ. ಯಾರು ಸತ್ತರೆ ಯಾರಿಗೆ ಎಷ್ಟು ದಿನ ಸೂತಕ ಎಂದು ತಾಲ್ಲೂಕೇ ಫೋನು ಮಾಡುವುದು ಈ ಮನೆಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದ ಬಾಯಿ ಅದು.

"ಧಾರಾಳವಾಗಿ ಬರ್ತೀನಿ ಕಣೋ. ನಾಲ್ಕು ತಿಂಗಳ ಒಳಗಿನದು ಬರೀ ಸ್ರಾವ. ತಾಯಿಗೆ ಮಾತ್ರ ಮೈಲಿಗೆ, ತಂದೆಗೆ ಸ್ನಾನ ಸಾಕು, ನಮಗಂತೂ ಏನೂ ಇಲ್ಲ. ಅದಕ್ಕೆ ದಹನ ಇಲ್ಲ, ಕರ್ಮ ಇಲ್ಲ. ಸತ್ತೋರು ಅಂತ ಯಾರಾದ್ರೂ ಇದ್ರೆ ತಾನೇ ಸೂತಕ," ಎಂದು ಹೇಳಿ ಫೋನು ಇಟ್ಟು ತಿರುಗಿದರು. ನಂದಿತಾ ಗೋಡೆ ಹಿಡಿದುಕೊಂಡು ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದಳು.

"ಮೊನ್ನೆ ಜೀವ ಬಂದಾಗಿದೆ ಅಂದ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಷ್ಟು ಶಕ್ತಿಯೂ ಅವಳಿಗಿರಲಿಲ್ಲ. "ಈಗ ಸತ್ತೋರು ಯಾರೂ ಇಲ್ಲ ಅಂತೀರ. ಹಾಗಿದ್ರೆ ನಾನು ಯಾರನ್ನ ಕೊಂದೆ ಅಪ್ಪ?"

ಅದು ಬೇರೆ, ಇದು ಬೇರೆ ಎಂದು ಆಚಾರ್ಯರು ಶುರುಮಾಡಿದರು. ಶಾಸ್ತ್ರದಲ್ಲಿ ಪಾಪದ ಪ್ರಕರಣ ಒಂದು ಕಡೆ ಬರುತ್ತದೆ, ಆಶೌಚದ, ಅಂದರೆ ಸೂತಕದ ಪ್ರಕರಣ ಇನ್ನೊಂದು ಕಡೆ ಬರುತ್ತದೆ ಎಂದರು. ಮೊದಲಾದರೆ ಇಷ್ಟಕ್ಕೇ ಎದುರಿಗಿದ್ದವರು ಕೈ ಮುಗಿದು ಎದ್ದು ಹೋಗುತ್ತಿದ್ದರು. ನಂದಿತಾ ಅಲ್ಲೇ ನಿಂತಿದ್ದಳು. ಅವಳ ಕೈ ಖಾಲಿಯಾದ ಹೊಟ್ಟೆಯ ಮೇಲೆ ತಾನಾಗಿ ಬಂದು ಕೂತಿತ್ತು. ಅದು ಕಂಡದ್ದೇ ಆಚಾರ್ಯರ ಮಾತು ಅರ್ಧಕ್ಕೆ ನಿಂತುಹೋಯಿತು. ತುಳಸಮ್ಮ ಬಂದು ಮಗಳನ್ನು ಒಳಗೆ ಕರೆದುಕೊಂಡು ಹೋದರು.

ಎಷ್ಟೋ ಹೊತ್ತಿನ ಮೇಲೆ ಆಚಾರ್ಯರು ತಾವಾಗಿಯೇ ಕುರುಡುಮಲೆಗೆ ಫೋನು ಮಾಡಿದರು. ನನಗೆ ಬರಲಾಗುವುದಿಲ್ಲ, ನಮಗೆ ಸೂತಕ ಎಂದರು. ವಿದ್ಯಾಧೀಶ ಗಾಬರಿಯಾದ. ಆಗ ಏನೂ ಇಲ್ಲ ಅಂದಿರಲ್ಲ, ಅಷ್ಟರಲ್ಲಿ ಯಾರು ಹೋದರು ಎಂದು ಕೇಳಿದ.

"ನನ್ನ ಮೊಮ್ಮಗು," ಎಂದರು ಆಚಾರ್ಯರು.

ವಿದ್ಯಾಧೀಶ, ನೀವಿಲ್ಲದೆ ಹೋಮ ಬೇಡ, ಮುಂದಕ್ಕೆ ಹಾಕುತ್ತೇನೆ ಎಂದ. "ಎಷ್ಟು ದಿನ ಆಗತ್ತೆ ಆಚಾರ್ರೇ, ಸೂತಕ ಕಳಿಯಕ್ಕೆ?"

"ಗೊತ್ತಿಲ್ಲ ಕಣೋ," ಎಂದರು ರಾಮಚಂದ್ರಾಚಾರ್ಯರು.