ಹೊಲಕ್ಕೆ ನಿಂಬೆವ್ವನ ದನಿ

ಹೊಲಗಳು ಮಾತಾಡಲು ಕಲಿತ ವರ್ಷ, ಪ್ರತಿ ಹೊಲಕ್ಕೂ ಮನೆಯವರೊಬ್ಬರು ದನಿ ಕೊಡಬೇಕಿತ್ತು. ಯಂತ್ರ ಕೂಡಿಸಲು ಬಂದವನು, ಗಂಡ ಮಡಿವಾಳಪ್ಪನನ್ನು ಹೆಸರು ಹಿಡಿದು ಕರೆಯಿರಿ ಎಂದಾಗ ನಿಂಬೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಕೊನೆಗೆ ಎರಡೇ ಮಾತು ಹೇಳಿದಳು. ಗಿಡ ಬಾಯಾರಿದರೆ, "ರೀ, ನೀರು ಬೇಕ್ರೀ." ಮಣ್ಣು ಕೊಚ್ಚಿಹೋದರೆ, "ರೀ, ಮಣ್ಣು ಹೊಂಟೈತ್ರೀ."

ಮಾಘದಲ್ಲಿ ಅವಳು ತೀರಿಕೊಂಡಳು. ಅದೇ ಹೊಲದ ಬದುವಿನ ಪಕ್ಕ ಅವಳನ್ನು ಮಣ್ಣು ಮಾಡಿದರು.

ಬೇಸಿಗೆಯಿಡೀ ಮಡಿವಾಳಪ್ಪ ಬದುವಿನ ಮೇಲೇ ಕೂತ. ಬೋರಿನಲ್ಲಿ ನೀರಿತ್ತು, ಕರೆಂಟೂ ಇತ್ತು. ಮೆಣಸಿನ ಗಿಡಗಳು ಮಾತ್ರ ಬಾಡಿ ಜೋತುಬಿದ್ದಿದ್ದವು.

"ರೀ, ನೀರು ಬೇಕ್ರೀ."

"ಬಂದ್ನಿ, ತಡಿ," ಎನ್ನುತ್ತಿದ್ದ. ಏಳುತ್ತಿರಲಿಲ್ಲ.

ಬುತ್ತಿ ತಂದ ಮಗಳು ಕಸ್ತೂರಿ ರೇಗಿದಳು. "ಮೋಟಾರ್ ಚಾಲೂ ಮಾಡಪ್ಪಾ! ಗಿಡ ಸಾಯಾಕತ್ತಾವು."

"ನೀರು ಬಿಟ್ರ ಆಕಿ ಸುಮ್ನಾಗ್ತಾಳವ್ವಾ."

ಕಸ್ತೂರಿ ಬುತ್ತಿ ಕೆಳಗಿಟ್ಟಳು. ಅವಳೂ ಪಕ್ಕದಲ್ಲಿ ಕೂತು ಕೇಳಿದಳು.

ಗಿಡಗಳೆಲ್ಲ ಒಣಗಿದ ಮೇಲೆ ಹೊಲ ಕರೆಯುವುದನ್ನೇ ಬಿಟ್ಟಿತು. ಆಮೇಲೆ ಮುಂಗಾರು ಒಂದೇ ಸಮನೆ ಸುರಿಯಿತು. ಹಿಡಿದುಕೊಳ್ಳಲು ಒಂದು ಬೇರೂ ಇಲ್ಲದ ನೆಲದಲ್ಲಿ ನೀರು ರಾಡಿಯಾಗಿ ಹರಿದು, ಬದು ಒಡೆದು, ಸಮಾಧಿಯತ್ತ ತಿರುಗಿತು.

"ರೀ," ನಿಂಬೆವ್ವ ಕರೆದಳು, "ಮಣ್ಣು ಹೊಂಟೈತ್ರೀ."

"ಬಂದ್ನಿ, ಬಂದ್ನಿ!" ಈ ಸಲ ಮಡಿವಾಳಪ್ಪ ಓಡಿದ. ಸಮಾಧಿಯ ಮೇಲೆ ಬೋರಲು ಬಿದ್ದು ಎರಡೂ ಕೈಗಳಿಂದ ತಬ್ಬಿಕೊಂಡ. ತೋಳುಗಳ ಕೆಳಗಿನಿಂದ ಮಣ್ಣು ಹೋಗುತ್ತಲೇ ಇತ್ತು. ಅವಳು ಕರೆಯುತ್ತಲೇ ಇದ್ದಳು.