ಟ್ಯಾರಿಫ್ ಪಾಠ

ಹೆಂಗಸರ ಇಂಗ್ಲಿಷ್ ತರಗತಿಯಲ್ಲಿ ಮೇಷ್ಟ್ರು ಪತ್ರಿಕೆಯ ಸುದ್ದಿ ಓದಿ, ಬೋರ್ಡಿನ ಮೇಲೆ ‘ಟ್ಯಾರಿಫ್’ ಎಂದು ಬರೆದರು. “ಹೊರದೇಶದ ಮಾಲಿಗೆ ಹಾಕೋ ಸುಂಕ. ಚೀನಾ ರೇಷ್ಮೆ ಮೇಲಿನ ಸುಂಕ ಇಳಿಯುತ್ತಂತೆ.”

ರೇಷ್ಮೆಗೂಡಿನಿಂದ ನೂಲು ತೆಗೆದು ಮಾರುವ ನರಸಮ್ಮ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು. ಅಗ್ಗದ ನೂಲು ಬಂದರೆ ತನ್ನ ಕಸುಬು ಮುಗಿದಂತೆಯೇ. ಸಿಟ್ಟೆಲ್ಲ ಪಕ್ಕದಲ್ಲಿ, ತಾನೇ ನೇಯ್ದ ಸೀರೆಯುಟ್ಟು ಕೂತಿದ್ದ ನೇಕಾರರ ಚೌಡಮ್ಮನ ಮೇಲೆ ತಿರುಗಿತು.

“ಕುಣೀ ತಾಯಿ, ಇವತ್ತು ನಿಂಗೆ ಹಬ್ಬ! ಊರಿನ ಅನ್ನ ಉಂಡು ಚೀನಾ ನೂಲು ನೇಯೋಳು.”

“ನಾಲಿಗೆ ಬಿಗಿ ಹಿಡಿ, ನರಸಕ್ಕ. ಆ ನೂಲು ನಾನು ಮುಟ್ಟಿದೋಳಲ್ಲ.”

ನರಸಮ್ಮ ಅವಳ ಸೆರಗನ್ನೇ ಎಳೆದು ಬೆರಳಲ್ಲಿ ಉಜ್ಜಿದಳು. “ನೋಡ್ರೇ ಎಲ್ಲಾರೂ! ಒಂದು ಗಂಟಿಲ್ಲ, ನೀರಿನ ಹಾಗೆ ಜಾರುತ್ತೆ. ಈ ನುಣುಪು ನಮ್ಮೂರ ನೂಲಿಗೆ ಎಲ್ಲಿಂದ ಬರಬೇಕು? ಚೀನಾದ್ದೇ!”

ಚೌಡಮ್ಮ ಸೆರಗು ಕಿತ್ತುಕೊಂಡಳು. “ಯುಗಾದಿಗೆ ನಿನ್ನ ಹತ್ರಾನೇ ಕೊಂಡ ನೂಲು ಕಣಕ್ಕ ಇದು.”